ಎಡಗಿವಿಯ ತೂತು

ಡಬ್ಬಿಯ ಮುಚ್ಚಳ ತೆಗೆದರೆ ಹತ್ತಿಯ ಮೇಲೆ ಒಂದು ಕಿವಿ. ಎಡಗಿವಿ. ಅಂಚಿನಲ್ಲಿ ನಸುಗೆಂಪು, ಹಿಂಬದಿಯಲ್ಲಿ ನರದ ನೀಲಿ, ಎಲ್ಲವೂ ಇತ್ತು. ನಾನು ಹೌಹಾರಿ ಕುರ್ಚಿಯನ್ನು ಹಿಂದಕ್ಕೆ ತಳ್ಳಿದೆ. ಡಬ್ಬಿ ತಂದ ಹೆಂಗಸು ಮಾತ್ರ ಅಂಗಿಗೆ ಗುಂಡಿ ಕೇಳುವಷ್ಟು ಸಲೀಸಾಗಿ ಕೇಳಿದಳು.

“ಇದಕ್ಕೊಂದು ತೂತು ಹಾಕ್ಕೊಡ್ತೀರಾ?”

ಹನ್ನೆರಡು ವರ್ಷದಿಂದ ಜನರ ಮೈಗೆ ತೂತು ಹಾಕುವುದೇ ನನ್ನ ಕಸುಬು. ಕಿವಿ, ಮೂಗು, ಹುಬ್ಬು, ತುಟಿ, ಹೊಕ್ಕುಳು; ಇನ್ನು ಕೆಲವನ್ನು ಹೇಳದಿರುವುದೇ ಒಳ್ಳೆಯದು. ಯಾಕೆ ಹಾಕಿಸಿಕೊಳ್ಳುತ್ತೀರಿ ಎಂದು ಯಾರನ್ನೂ ಕೇಳಬಾರದೆಂದು ನನಗೆ ಕೆಲಸ ಕಲಿಸಿದವರು ಹೇಳಿದ್ದರು. ನಾನು ಕೇಳದೆ ಬಿಟ್ಟವಳಲ್ಲ. ಪರೀಕ್ಷೆ ಪಾಸಾಯಿತೆಂದು ಹುಬ್ಬು ಚುಚ್ಚಿಸಿಕೊಂಡವನುಂಟು, ಗಂಡನನ್ನು ಬಿಟ್ಟ ದಿನವೇ ಮೂಗು ಚುಚ್ಚಿಸಿಕೊಂಡವಳುಂಟು. ಎಪ್ಪತ್ತು ದಾಟಿದ ನಿವೃತ್ತ ಜಡ್ಜ್ ಒಬ್ಬರು ಹೊಕ್ಕುಳಿಗೆ ರಿಂಗ್ ಹಾಕಿಸಿಕೊಂಡು, ಕರಿಕೋಟು ಬಿಚ್ಚಿದ ಮೇಲೆ ಒಳಗೆ ಏನಾದರೂ ಇರಲಿ ಎಂದು ನಕ್ಕಿದ್ದರು. ನನ್ನದು ಹಾಳು ಕುತೂಹಲ, ಜೊತೆಗೆ ಮೂಗಿನ ತುದಿಯಲ್ಲೇ ಕೋಪ. ಎರಡನ್ನೂ ಸಹಿಸಿಕೊಂಡು ಜನ ಬರುವುದು ಒಂದೇ ಕಾರಣಕ್ಕೆ. ನನ್ನ ಕೈಯಿಂದ ಇದುವರೆಗೆ ಸೊಟ್ಟ ತೂತು ಬಿದ್ದಿಲ್ಲ.

ಬಂದವರು ಅಕ್ಕ ತಂಗಿ, ಇಬ್ಬರಿಗೂ ಐವತ್ತರ ಆಸುಪಾಸು. ಡಬ್ಬಿ ತಂದವಳು ತಂಗಿ, ಟೈಲರ್. ಎರಡು ವರ್ಷದ ಹಿಂದೆ ಕಿವಿಯಲ್ಲಿ ಗಡ್ಡೆ ಎದ್ದು, ಡಾಕ್ಟರು ಹೊರಗಿವಿಯನ್ನೇ ತೆಗೆದುಹಾಕಿದ್ದರು. ಕೇಳಿಸುವುದಕ್ಕೇನೂ ತೊಂದರೆಯಿಲ್ಲ, ಆದರೆ ಕನ್ನಡಕ ನಿಲ್ಲುವುದಿಲ್ಲ, ದಾರ ಕಟ್ಟಿ ನಿಲ್ಲಿಸಬೇಕು. ತಲೆಗೆ ಸದಾ ಸ್ಕಾರ್ಫ್. ಅಂಗಡಿಯ ಮುಂದೆ ಕೂತು ಗಿರಾಕಿಗಳ ಜೊತೆ ಹರಟುತ್ತಿದ್ದವಳು ಈಗ ಪರದೆಯ ಹಿಂದೆ ಮೆಷಿನ್ ಹಾಕಿಕೊಂಡಿದ್ದಾಳೆ ಎಂದು ಅಕ್ಕ ಹೇಳಿದಳು. ಆಸ್ಪತ್ರೆಯಲ್ಲಿ ಕೃತಕ ಕಿವಿ, ಮೂಗು ಮಾಡುವವರೊಬ್ಬರಿದ್ದಾರೆ, ಎಲ್ಲರೂ ಕಿವಿ ಮೇಷ್ಟ್ರು ಎನ್ನುತ್ತಾರಂತೆ. ಅವರು ಬಲಗಿವಿಯ ಅಳತೆ ತೆಗೆದು, ಅದನ್ನೇ ಎಡಕ್ಕೆ ಮಗುಚಿ ಈ ಸಿಲಿಕೋನ್ ಕಿವಿ ಮಾಡಿಕೊಟ್ಟಿದ್ದರು. ಮೂಳೆಗೆ ಕೂರಿಸಿದ ಸಣ್ಣ ತಿರುಪುಗಳಿಗೆ ಅಯಸ್ಕಾಂತದಿಂದ ಟಕ್ಕೆಂದು ಅಂಟಿಕೊಳ್ಳುತ್ತದೆ.

“ಇನ್ಮೇಲೆ ಸೂಜಿ ಕಳೆದ್ರೆ ಹುಡುಕೋದೇ ಬೇಡ, ಇವಳ ಕಿವೀಲೇ ಇರತ್ತೆ” ಎಂದು ಅಕ್ಕ ನಗಿಸಲು ನೋಡಿದಳು. ತಂಗಿ ನಗಲಿಲ್ಲ.

ಒಂದೇ ದಿನ ಹಾಕಿಕೊಂಡಿದ್ದಳಂತೆ. ಮನೆಯವರೆಲ್ಲ ಥೇಟ್ ಹಾಗೇ ಇದೆ ಎಂದರು. ಇವಳಿಗೆ ಮಾತ್ರ ಕನ್ನಡಿಯಲ್ಲಿ ಯಾರದೋ ಕಿವಿ ಕಂಡಿತು. ಡಬ್ಬಿಗೆ ಹಾಕಿದವಳು ಮೂರು ತಿಂಗಳು ಮುಟ್ಟಲಿಲ್ಲ. ಓಲೆ ಹಾಕಿದರೆ ತನ್ನದು ಅನ್ನಿಸಬಹುದು, ಆಗಲೂ ಅನ್ನಿಸದಿದ್ದರೆ ಮೇಷ್ಟ್ರಿಗೆ ವಾಪಸ್ ಕೊಟ್ಟು ಸಾಯುವ ತನಕ ಸ್ಕಾರ್ಫಿನಲ್ಲೇ ಇರುತ್ತೇನೆ ಎಂದಳು. ಹೇಳುವಾಗ ಅವಳ ಎಡಗೈ ಸ್ಕಾರ್ಫಿನ ತನಕ ಹೋಗಿ, ಸುಮ್ಮನೆ ಕೆಳಗಿಳಿಯಿತು. ಮಾತಿನ ನಡುವೆ ನಾಲ್ಕೈದು ಸಲ ಹಾಗಾಯಿತು. ಗಾಯದ ಜಾಗ ಇನ್ನೂ ತುರಿಸುತ್ತಿರಬೇಕು ಅಂದುಕೊಂಡೆ.

ಸಿಲಿಕೋನ್ ಮಾಂಸವಲ್ಲ, ಚುಚ್ಚಿದರೆ ಮಾಯುವುದಿಲ್ಲ, ಓಲೆಯ ಭಾರಕ್ಕೆ ಹರಿದುಹೋಗುತ್ತದೆ, ಆಗುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿ ಕಳಿಸಿದೆ. ಕಳಿಸಿದ್ದೇನೋ ಆಯಿತು, ಆ ಕಿವಿ ನನ್ನ ತಲೆಯಿಂದ ಇಳಿಯಲಿಲ್ಲ. ಮಾರನೆಯ ದಿನವೇ ಆಸ್ಪತ್ರೆಗೆ ಹೋದೆ. ಮೇಷ್ಟ್ರ ಕೋಣೆಯ ಕಪಾಟಿನಲ್ಲಿ ಬಣ್ಣ ಹೊಂದದೆ ಕೆಟ್ಟ ಕಿವಿಗಳು ಸಾಲಾಗಿದ್ದವು. ಆರನ್ನು ಕೊಟ್ಟರು. ದಪ್ಪ ಸೂಜಿ, ಸಣ್ಣ ಸೂಜಿ, ಬಿಸಿ ಮಾಡಿದ ಸೂಜಿ, ಎಲ್ಲದರಲ್ಲೂ ಚುಚ್ಚಿ ಓಲೆ ನೇತುಹಾಕಿದೆ. ವಾರದೊಳಗೆ ಆರೂ ಹರಿದವು. ಪಿತ್ತ ನೆತ್ತಿಗೇರಿ ಮೇಷ್ಟ್ರಿಗೆ ಫೋನ್ ಮಾಡಿ, ನಿಮ್ಮ ಕಿವಿಗಳು ದಂಡ ಎಂದೆ. ನಿಮ್ಮ ಸೂಜಿ ದಂಡ ಎಂದರು ಅವರು.

ಟೈಲರನ್ನು ಮತ್ತೆ ಕರೆಸಿ ಹರಿದ ಕಿವಿ ತೋರಿಸಿದೆ. ಕನ್ನಡಕವನ್ನು ಒಂದು ಕೈಯಲ್ಲಿ ಹಿಡಿದುಕೊಂಡು ನೋಡಿದಳು.

“ಒಳಗೆ ಬಟ್ಟೆ ಕೊಟ್ಟಿಲ್ವಲ್ಲ, ಹರೀದೆ ಏನಾಗತ್ತೆ? ತೆಳು ಬಟ್ಟೇಲಿ ಕಾಜಾ ಹೊಡೆಯೋವಾಗ ಹಿಂದೊಂದು ತುಂಡು ಇಡಲ್ವಾ ನಾವು?”

ಇಷ್ಟು ವರ್ಷ ತೂತು ಹಾಕಿದ ನನಗೂ ಹೊಳೆದಿರಲಿಲ್ಲ, ಕಿವಿ ಮಾಡುವ ಮೇಷ್ಟ್ರಿಗೂ ಹೊಳೆದಿರಲಿಲ್ಲ. ಹೊಸ ಕಿವಿಯ ಅಚ್ಚಿನಲ್ಲಿ ಹಾಲೆಯೊಳಗೆ ಬಲೆಬಟ್ಟೆ ಸೇರಿಸುವುದೆಂದಾಯಿತು. ಉಗುರಿನಷ್ಟು ಸಾಕು ಎಂದರು ಮೇಷ್ಟ್ರು. ಅಂಚು ಬಿಡದೆ ಕತ್ತರಿಸಿ ಅಭ್ಯಾಸವಿಲ್ಲ ಎಂದು ಟೈಲರ್ ಇಡೀ ಹಾಲೆ ತುಂಬುವಷ್ಟು ಕತ್ತರಿಸಿಕೊಟ್ಟಳು.

ತಿಂಗಳಾದ ಮೇಲೆ ಕಿವಿ ಬಂತು. ಬಲಗಿವಿಯ ತೂತನ್ನು ಅಳೆದು, ಹೊಸ ಕಿವಿಯಲ್ಲಿ ಅಷ್ಟೇ ಎತ್ತರಕ್ಕೆ, ಅಷ್ಟೇ ಅಂತರಕ್ಕೆ ಶಾಯಿಯ ಚುಕ್ಕಿ ಇಟ್ಟೆ. ತಂಗಿ ಅದನ್ನು ಟಕ್ಕೆಂದು ಕೂರಿಸಿ ಕನ್ನಡಿ ನೋಡಿದಳು. ಬಹಳ ಹೊತ್ತು ನೋಡಿದಳು.

“ಚೆನ್ನಾಗಿದೆ” ಎಂದಳು.

ಆ ದನಿ ನನಗೆ ಗೊತ್ತು. ಹಾಗೆ ಹೇಳಿ ಹೋದವರು ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ಎಲ್ಲಿ ಸರಿಯಿಲ್ಲ ಹೇಳಿ ಎಂದು ಗದರಿದೆ. ಗೊತ್ತಿಲ್ಲ ಎಂದಳು. ಕಣ್ಣು ತುಂಬಿತ್ತು, ಕೈ ಸ್ಕಾರ್ಫ್ ಹುಡುಕುತ್ತಿತ್ತು. ಎಲ್ಲ ಮಣ್ಣುಪಾಲಾಯಿತು ಅಂದುಕೊಂಡೆ, ನನಗೂ ಅಳು ಬಂತು.

ಅಷ್ಟು ಹೊತ್ತೂ ನೆಲ ನೋಡುತ್ತಿದ್ದ ಅಕ್ಕ ಆಗ ಬಾಯಿಬಿಟ್ಟಳು. “ಅದು ಅಲ್ಲಿರ್ಲಿಲ್ಲ. ಇನ್ನೂ ಕೆಳಗಿತ್ತು, ಹಿಂದಕ್ಕೆ.”

ತಂಗಿಯ ಕಿವಿ ಚುಚ್ಚಿದ್ದು ಈ ಅಕ್ಕನೇ. ತಂಗಿಗೆ ಒಂಬತ್ತು, ಇವಳಿಗೆ ಹದಿಮೂರು. ಅಮ್ಮ ಇಲ್ಲದ ಹೊತ್ತಿನಲ್ಲಿ ಅಮ್ಮನದೇ ಹೊಲಿಗೆ ಸೂಜಿ. ಬಲಗಿವಿ ಸಲೀಸಾಗಿ ಆಯಿತು. ಎಡಗಿವಿಗೆ ಸೂಜಿ ಇಡುವಷ್ಟರಲ್ಲಿ ಬಾಗಿಲ ಬೀಗ ತೆಗೆಯುವ ಸದ್ದಾಗಿ ಕೈ ಜಾರಿ, ಸೂಜಿ ಓರೆಯಾಗಿ ಹೊಕ್ಕಿತು. ಅವತ್ತು ತಿಂದ ಏಟು ಮರೆತುಹೋಗಿದೆ, ನಲವತ್ತು ವರ್ಷ ತಂಗಿಯ ಎಡ ಓಲೆ ಹಿಂದಕ್ಕೆ ಮುಖ ಮಾಡಿ ನೇತಾಡಿದ್ದು ಮರೆತಿಲ್ಲ ಎಂದಳು. ಹೊಸ ಕಿವಿಯಲ್ಲಾದರೂ ನೆಟ್ಟಗಿರಲಿ ಎಂದು ತುಟಿಪಿಟಿಕ್ಕೆನ್ನದೆ ಕೂತಿದ್ದಳಂತೆ.

ತಂಗಿ ಕಿವಿ ಕಳಚಿದಳು. ನನ್ನ ಮೇಜಿನ ಮೇಲಿನ ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ, ನಾನಿಟ್ಟ ಚುಕ್ಕಿಯನ್ನು ಒರೆಸಿಹಾಕಿದಳು.

“ನೀನಿಡು, ಅಕ್ಕಾ.”

“ಮತ್ತೆ ಅದೇ ತಪ್ಪು ಮಾಡಿಸ್ತೀಯಾ ನನ್ನ ಕೈಲಿ?”

“ಹೂಂ. ಅದೇ ಬೇಕು.”

ಅಕ್ಕ ಇಟ್ಟ ಚುಕ್ಕಿ ಹಾಲೆಯ ಕೆಳತುದಿಗೆ ಬಿತ್ತು. ಮೇಷ್ಟ್ರ ಮಾತು ಕೇಳಿದ್ದರೆ ಅಲ್ಲಿ ಬಲೆಯೇ ಇರುತ್ತಿರಲಿಲ್ಲ. ನಾನು ಸೂಜಿ ಹಿಡಿದೆ. ಮೂರು ಸಲ ಓರೆಯಾಗಿ ಇಟ್ಟರೂ ಕೈ ತಾನಾಗಿ ನೇರಕ್ಕೆ ಬಂದು ನಿಂತಿತು. ಹಾಳಾಗಿ ಹೋಗಲಿ ಎಂದು ಸೂಜಿಯನ್ನು ಅಕ್ಕನ ಕೈಗೆ ಕೊಟ್ಟೆ. ಅಂಗಡಿ ತೆರೆದಾಗಿನಿಂದ ನನ್ನ ಸೂಜಿಯನ್ನು ಬೇರೆಯವರಿಗೆ ಮುಟ್ಟಗೊಟ್ಟವಳಲ್ಲ ನಾನು.

“ನನ್ನ ಕೈಗೆ ಸೊಟ್ಟ ಬರಲ್ಲ, ನೀವೇ ಹಾಕಿ” ಎಂದೆ.

ಅಕ್ಕ ಉಸಿರು ಬಿಗಿಹಿಡಿದು ಚುಚ್ಚಿದಳು. ಕಿವಿ ಇದ್ದದ್ದು ಮೇಜಿನ ಮೇಲೆ, ರಕ್ತವಿಲ್ಲ, ಏನಿಲ್ಲ. ಆದರೂ ಪಕ್ಕದ ಕುರ್ಚಿಯಲ್ಲಿ ತಂಗಿ “ಸ್ಸ್” ಎಂದಳು. ನೋಯಿತಾ ಎಂದು ಅಕ್ಕ ಗಾಬರಿಯಲ್ಲಿ ಕೇಳಿದ್ದಕ್ಕೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಎರಡು ವರ್ಷದಿಂದ ಜೊತೆಯಿಲ್ಲದೆ ಬಿದ್ದಿದ್ದ ಎಡಗಡೆಯ ಓಲೆಯನ್ನು ಹಾಕಿದೆವು. ಕಿವಿ ಟಕ್ಕೆಂದು ಕೂತಿತು. ಓಲೆ ಹಿಂದಕ್ಕೆ ಮುಖ ಮಾಡಿ ತೂಗಿತು. ದಾರ ಬಿಚ್ಚಿ ಕನ್ನಡಕ ಏರಿಸಿ ತಂಗಿ ಕನ್ನಡಿ ನೋಡಿದಳು. ಹೇಗಿದೆ ಎಂದು ಕೇಳುವ ಧೈರ್ಯ ನಮಗೆ ಬರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, ಇದನ್ನು ಸೋಪಿನಲ್ಲಿ ತೊಳೆಯಬಹುದಾ, ರಾತ್ರಿ ತೆಗೆದಿಡಬೇಕಾ ಎಂದು ವಿಚಾರಿಸತೊಡಗಿದಳು.

ವಿಚಾರಿಸುತ್ತಲೇ ಎಡಗೈ ಮೇಲೆ ಹೋಯಿತು. ಈ ಸಲ ಅರ್ಧಕ್ಕೆ ಇಳಿಯಲಿಲ್ಲ. ಎರಡು ಬೆರಳು ಓಲೆಯನ್ನು ಹಿಡಿದು ಮುಂದಕ್ಕೆ ತಿರುಗಿಸಿದವು. ತುರಿಕೆಯಲ್ಲ, ಇಷ್ಟು ದಿನ ಆ ಕೈ ಹುಡುಕಿದ್ದು ಇದನ್ನು. ಓಲೆ ಮತ್ತೆ ಹಿಂದಕ್ಕೆ ತಿರುಗಿತು, ಬೆರಳು ಮತ್ತೆ ಸರಿಮಾಡಿತು. ಅವಳಿಗೆ ಅದರ ಗೊಡವೆಯೇ ಇಲ್ಲ, ಸೋಪಿನ ವಿಷಯ ಕೇಳುತ್ತಲೇ ಇದ್ದಳು. ಅಕ್ಕ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಅವರು ಹೋದ ಮೇಲೆ ನೋಡಿದರೆ ಸ್ಕಾರ್ಫ್ ಕುರ್ಚಿಯ ಮೇಲೇ ಇತ್ತು. ಕರೆಯೋಣವೆಂದು ಅದನ್ನು ಹಿಡಿದು ಬಾಗಿಲಿಗೆ ಓಡಿದೆ. ಬೀದಿಯ ತಿರುವಿನಲ್ಲಿ ತಂಗಿ ಅಕ್ಕನ ಜೊತೆ ಹರಟುತ್ತಾ ಹೋಗುತ್ತಿದ್ದಳು, ಕೈ ಕಿವಿಯ ಹತ್ತಿರವೇ ಇತ್ತು. ನಾನು ಕರೆಯಲಿಲ್ಲ.