ಬಚ್ಚಲ ಹಿಂದಿನ ಗುಂಡಿ

ಉತ್ತರಕ್ರಿಯೆ ಮುಗಿದು ನೆಂಟರೆಲ್ಲ ಹೋದ ಮರುದಿನ ಬೆಳಿಗ್ಗೆ ಎಮ್ಮೆ ಕರೆದಾಯಿತು, ಒಲೆ ಹೊತ್ತಿತು, ಅತ್ತೆ ರಾಗಿ ಬೀಸಲು ಕೂತರು. ಎಲ್ಲ ಮೊದಲಿನಂತೆಯೇ ನಡೆಯಿತು.

ಹಿತ್ತಲಲ್ಲಿ ಎರಡು ಸೀಮೆಎಣ್ಣೆ ಡಬ್ಬಗಳಲ್ಲಿ ಎರಡು ಸಸಿ. ಒಂದು ಕಕ್ಕೆ, ಊರ ಶಾಲೆಯ ಮೇಷ್ಟ್ರಾಗಿದ್ದ ನನ್ನ ಗಂಡ ಮಡಕಶಿರದ ಬೆಟ್ಟದ ಬುಡದಿಂದ ಬೀಜ ತಂದು ಎಬ್ಬಿಸಿದ್ದು. ಇನ್ನೊಂದು ಸಂಪಿಗೆ, ನಾನು ಬೆಂಗಳೂರಿನಿಂದ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದದ್ದು. ಹೊಸ ಮನೆಗೆ ಯಾವ ಹೂಮರ ಎಂದು ಬೇಸಿಗೆಯೆಲ್ಲ ಜಗಳವಾಡಿದ್ದೆವು.

"ಈ ಗರಸು ನೆಲ ಕಕ್ಕೆಗೆ ತವರುಮನೆ. ನಿನ್ನ ಸಂಪಿಗೆಗೆ ದಿನಾ ಕೊಡ ಹೊರೋರು ಯಾರು?"

"ಕಕ್ಕೆ ಹೂವ ಮುಡಿಯೋಕಾಗುತ್ತಾ?"

"ನೋಡೋಕಾಗುತ್ತೆ. ಮದ್ರಾಸಲ್ಲಿ ಬಿ.ಎ.ಗೆ ಅಷ್ಟೂ ಕಲಿಸಲಿಲ್ವಾ?"

ಜಗಳ ತೀರಲಿಲ್ಲ. ಬಚ್ಚಲ ಹಿಂದೆ ಅವರು ಅರ್ಧ ಗುಂಡಿ ತೋಡಿದ್ದರು. ಆಮೇಲೆ ಜ್ವರ ಬಂತು, ಮತ್ತೆ ಏಳಲಿಲ್ಲ.

"ಎರಡನ್ನೂ ಯಾರಿಗಾದ್ರೂ ಕೊಟ್ಬಿಡಮ್ಮ. ಈ ಮನೆಗೆ ಇನ್ನು ಹೂವಿನ ಗಿಡ ಯಾಕೆ?" ಎಂದರು ಅತ್ತೆ. ಸಂಪಿಗೆ ಕೊಡಬಹುದು ಅನ್ನಿಸಿತು. ಕಕ್ಕೆ ನನ್ನ ಗಂಡನ ಆಸೆ. ಅವರ ಗುಂಡಿಯಲ್ಲೇ ನೆಡೋಣವೆಂದು ಡಬ್ಬ ಎತ್ತಿಕೊಂಡು ಹೋದೆ. ಗುಂಡಿಯಲ್ಲಿ ಬಚ್ಚಲ ನೀರು ನಿಂತಿತ್ತು. ನೀರೇ ಬೇಡದ ಮರಕ್ಕೆ ಇಲ್ಲೇಕೆ ತೋಡಿದರೋ ತಿಳಿಯಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಕಾಟಮ್ಮ ತಮ್ಮ ಹಾರೆ ಕೇಳಿಕೊಂಡು ಬಂದಳು.

"ನಮ್ಮೋರು ಬಾವೀತಾವ ಕಾಯ್ತಾ ಕುಂತವ್ರೆ. ಸಂಪಿಗೆ ನೆಡೋದು ಆಗ್ನಿಲ್ವಾ ಅಮ್ಮಯ್ಯ?"

"ಸಂಪಿಗೆಯೇ?"

"ಮತ್ತೆ? ಮೇಷ್ಟ್ರು ಹಾರೆ ಕೇಳಾಕೆ ಬಂದಾಗ ನಮ್ಮೋರು ರೇಗಿಸಿದ್ರು, 'ಹೆಂಡ್ರಿಗೆ ಸೋತ್ರಾ ಮೇಷ್ಟ್ರೇ' ಅಂತ. 'ಸೋತೆ ಕಣಪ್ಪ. ಅವಳ ಸ್ನಾನದ ನೀರಿಗೇ ಬೆಳಕೊಳ್ಳಲಿ, ನಾನಂತೂ ಕೊಡ ಹೊರಲ್ಲ. ನೆಡೋಗಂಟ ಅವಳಿಗೆ ಹೇಳಬ್ಯಾಡ' ಅಂದ್ರು." ಹೇಳಬಾರದಿತ್ತೇನೋ ಎಂಬಂತೆ ಸೆರಗು ಬಾಯಿಗಿಟ್ಟುಕೊಂಡಳು.

ನಾನು ಕಕ್ಕೆಯ ಡಬ್ಬ ಕೆಳಗಿಟ್ಟೆ.

"ಹಾರೆ ಸಂಜೆಗೆ ತಂದುಕೊಡಲಾ?"

"ಇಟ್ಕೊಳ್ಳಿ. ನಮ್ಮೋರಿಗೂ ಒಂದಿನ ನಡ ನೆಟ್ಟಗಾಗ್ಲಿ."

ಅವಳು ಹೋದ ಮೇಲೆ ಸಂಪಿಗೆಯ ಡಬ್ಬ ತಂದಿಟ್ಟು, ನಿಂತ ನೀರು ಮೊಗೆದು ಚೆಲ್ಲಿದೆ. ಗುಂಡಿಯ ತಳದಲ್ಲಿ ಕಲ್ಲು. ಹಾರೆ ನನ್ನ ಎತ್ತರಕ್ಕಿಂತ ಉದ್ದ. ಎತ್ತಿ ಬಿಟ್ಟರೆ ಭುಜದವರೆಗೂ ಅದುರುತ್ತಿತ್ತು. ಅತ್ತೆ ಬೀಸುವುದು ನಿಲ್ಲಿಸಿ ಬಂದರು.

"ಅದನ್ನೇ ನೆಡ್ತೀಯಾ? ಬಿಟ್ಟ ಹೂವ ಯಾರು ಮುಡೀತಾರೆ?"

ಮುಡಿಯುವ ಆಸೆ ಸತ್ತಿರಲಿಲ್ಲ, ಅದನ್ನು ಅವರ ಮುಂದೆ ಹೇಳುವುದು ಹೇಗೆ? ಹಾರೆ ಎತ್ತಿದೆ. ಕಲ್ಲು ಸೀಳಿತು.

ಅತ್ತೆಯೂ ಹೂ ಮುಡಿಯುವುದನ್ನು ಬಿಟ್ಟು ಬಹಳ ವರ್ಷಗಳಾಗಿದ್ದವು.

"ಮಣ್ಣು ಈ ಕಡೆ ಎಳಿ. ಇಲ್ದಿದ್ರೆ ಕಾಲುವೆ ಮುಚ್ಚೋಗ್ತದೆ," ಎಂದು ಸೀರೆ ಎತ್ತಿ ಕಟ್ಟಿದರು. ಡಬ್ಬವನ್ನು ಅವರೇ ಓರೆ ಮಾಡಿ, ಬೇರಿನ ಮಣ್ಣು ಉದುರದಂತೆ ಸಸಿಯನ್ನು ಇಳಿಸಿದರು. ಬಿಸಿಲಿಳಿದ ಮೇಲೆ ಬೀದಿಯ ಕಡೆಯ ಒಣನೆಲದಲ್ಲಿ ಕಕ್ಕೆಗೂ ಒಂದು ಗುಂಡಿಯಾಯಿತು.

ಹಾರೆ ತೊಳೆದು ಪಕ್ಕದ ಮನೆಗೆ ಹೊತ್ತುಕೊಂಡು ಹೋದೆ. ಕಾಟಮ್ಮನ ಗಂಡ ದೊಡ್ಡತಿಮ್ಮಪ್ಪ ಜಗಲಿಯಿಂದ ಎದ್ದು ಬಂದ.

"ಹೇಳಿ ಕಳ್ಸಿದ್ರೆ ನಾನೇ ಬತ್ತಿರಲಿಲ್ವಾ ತಾಯಿ?"

"ಅವರು ತಂದದ್ದು, ನಾನೇ ತಿರುಗಿ ಕೊಡಬೇಕು," ಎಂದೆ.

ಅವನು ಹಾರೆಯ ಇನ್ನೊಂದು ತುದಿ ಹಿಡಿದುಕೊಂಡ. ನನ್ನ ಕೈ ಕೂಡಲೇ ಬಿಡಲಿಲ್ಲ. ಅವನು ಎಳೆಯಲಿಲ್ಲ, ನಾನು ಬಿಡುವವರೆಗೂ ಹಾಗೇ ನಿಂತಿದ್ದ.