ಐದು ಎಣಿಸುವವರೆಗೆ

ಪರದೆಯ ಮೇಲೆ ಯಾರೇ ಜಾರಿ ಬಿದ್ದರೂ ಈರಬಸಪ್ಪನವರು ನಗುತ್ತಿರಲಿಲ್ಲ, ಎಣಿಸುತ್ತಿದ್ದರು. ಬಾಳೆಹಣ್ಣಿನ ಸಿಪ್ಪೆಯ ಮೇಲೆ ಕಾಲಿಟ್ಟ ಸೋದರಮಾವ ಗಾಳಿಯಲ್ಲೊಮ್ಮೆ ಈಜಿ ನೆಲಕ್ಕೆ ಅಪ್ಪಳಿಸಿ, ಸುತ್ತಲಿನ ಮುನ್ನೂರು ಜನ ಕುರ್ಚಿಯ ಕೈ ಬಡಿದು ನಗುತ್ತಿರುವಾಗ, ಅವರ ಬಲಗೈಯ ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣುಗಳ ಮೇಲೆ ಒಂದೊಂದಾಗಿ ಸರಿಯುತ್ತಿತ್ತು. ಬಿದ್ದವನು ಎದ್ದು ನಿಂತ ಕ್ಷಣಕ್ಕೆ ಹೆಬ್ಬೆರಳೂ ನಿಲ್ಲುತ್ತಿತ್ತು. ಪಕ್ಕದಲ್ಲಿ ಕುಳಿತ ಹೊಸಬರು, ಯಾರೋ ದೈವಭಕ್ತರು ಸಿನಿಮಾ ಮಂದಿರದಲ್ಲೂ ಜಪ ಬಿಡುವುದಿಲ್ಲವಲ್ಲ ಎಂದು ಬೆರಗಾಗಿ, ಕಾಲು ಮಡಚಿ ಕುಳಿತುಕೊಳ್ಳುತ್ತಿದ್ದರು.

ಪುಣೆಯ ಖಡಕಿಯ ಕಾರ್ಖಾನೆಯೊಂದರಲ್ಲಿ ಅವರು ತಪಾಸಣೆಗಾರರು. ಮೂವತ್ತು ವರ್ಷ ಲೋಹದ ಬಿಡಿಭಾಗಗಳ ತೂತುಗಳನ್ನು ಅಳೆದು ಒಪ್ಪುವುದು ಅಥವಾ ತಿರಸ್ಕರಿಸುವುದು, ಇಷ್ಟೇ ಅವರ ಕೆಲಸ. ಖಾಕಿ ಕೋಟಿನ ಎಡಜೇಬಿನಲ್ಲಿ ಸೀಮೆಸುಣ್ಣ, ಬಲಜೇಬಿನಲ್ಲಿ ಬೆರಳುದ್ದದ ಒಂದು ಉಕ್ಕಿನ ಗೇಜು. ಅದರ ಒಂದು ತುದಿ ತೂತಿನೊಳಗೆ ಹೋಗಲೇಬೇಕು, ಇನ್ನೊಂದು ತುದಿ ಹೋಗಲೇಬಾರದು. ಎರಡೂ ಸರಿಯಾದರೆ ಮಾತ್ರ ಮಾಲು ಪಾಸು. ಸವೆದುಹೋಗಿ ಕಾರ್ಖಾನೆಗೆ ಬೇಡವಾದ ಆ ಗೇಜನ್ನು ಅನುಮತಿ ಬರೆಸಿಕೊಂಡೇ ಮನೆಗೆ ತಂದಿದ್ದರು. ಅದರ ಭಾರಕ್ಕೆ ಕೋಟಿನ ಬಲಮಗ್ಗುಲು ಎರಡು ಬೆರಳು ಕೆಳಗೆ ಜೋಲುತ್ತಿತ್ತು. ನಡೆಯುವಾಗಲೂ ಹೆಜ್ಜೆ ಹೆಜ್ಜೆಗೆ ನೆಲದ ಗಟ್ಟಿತನವನ್ನು ಪರೀಕ್ಷಿಸಿಯೇ ಮುಂದಿನ ಕಾಲೆತ್ತುವವರಂತೆ ನಡೆಯುತ್ತಿದ್ದರು.

ಇಂಥವರಿಗೆ ಹಾಸ್ಯಚಿತ್ರ ಮಕ್ಕಳಿಗೆ ತಕ್ಕುದೇ ಎಂದು ತೀರ್ಮಾನಿಸುವ ಕೆಲಸ ಹೇಗೆ ಬಂತೆಂಬುದಕ್ಕೆ ಒಂದು ಸಣ್ಣ ಹಿನ್ನೆಲೆಯಿದೆ. ಎಪ್ಪತ್ತರ ದಶಕದಲ್ಲಿ ಪುಣೆಯಲ್ಲಿ ಕನ್ನಡ ಸಿನಿಮಾ ನೋಡಬೇಕೆಂದರೆ ಎರಡು ತಿಂಗಳು ಕಾಯಬೇಕಿತ್ತು. ಕ್ಯಾಂಪ್ ಬಡಾವಣೆಯ ಒಂದು ಹಳೆಯ ಚಿತ್ರಮಂದಿರವನ್ನು ಭಾನುವಾರ ಬೆಳಗಿನ ಮಟ್ಟಿಗೆ ಬಾಡಿಗೆಗೆ ಹಿಡಿದು, ಹುಬ್ಬಳ್ಳಿಯಿಂದ ರೈಲಿನಲ್ಲಿ ಫಿಲ್ಮಿನ ಡಬ್ಬಿಗಳನ್ನು ತರಿಸಿ, ಅಲ್ಲಿನ ಕನ್ನಡ ಮಿತ್ರಮಂಡಳಿ ಪ್ರದರ್ಶನ ಏರ್ಪಡಿಸುತ್ತಿತ್ತು. ಮಂಡಳಿಯ ಕಾರ್ಯದರ್ಶಿ ಬಟ್ಟೆ ಅಂಗಡಿಯ ಅಪ್ಪಾಸಾಹೇಬರು ಸದಸ್ಯರಿಗೆಲ್ಲ ಪೋಸ್ಟ್‌ಕಾರ್ಡು ಬರೆಸುತ್ತಿದ್ದರು. ಚಿತ್ರದ ಹೆಸರಿಗಿಂತ ಕಾರ್ಡಿನ ಕೊನೆಯ ಸಾಲನ್ನೇ ಮನೆಮನೆಯ ತಾಯಂದಿರು ಮೊದಲು ನೋಡುತ್ತಿದ್ದರು: ‘ಮಕ್ಕಳನ್ನು ಕರೆತರಬಹುದು.’ ಒಮ್ಮೆ ಯಾರೂ ನೋಡದೆ ಬರೆದ ಆ ಸಾಲನ್ನು ನಂಬಿ ಬಂದ ಮಕ್ಕಳು ಕೊಲೆಯ ದೃಶ್ಯಕ್ಕೆ ಚೀರಿಕೊಂಡು ಅರ್ಧದಲ್ಲೇ ಮನೆಗೆ ಹೋದ ಮೇಲೆ, ಈ ಸಾಲಿಗೊಬ್ಬ ಹೊಣೆಗಾರ ಬೇಕೆಂದು ಸಭೆ ನಿರ್ಧರಿಸಿತು. ತಪ್ಪು ಕಂಡುಹಿಡಿಯುವುದಕ್ಕೇ ಸಂಬಳ ತೆಗೆದುಕೊಳ್ಳುವವರು ಸಭೆಯಲ್ಲಿ ಒಬ್ಬರೇ ಇದ್ದರು. ಈರಬಸಪ್ಪನವರು ಒಂದೇ ಷರತ್ತು ಹಾಕಿದರು: ಡಬ್ಬಿಗಳು ಒಂದು ವಾರ ಮೊದಲೇ ಬರಬೇಕು, ಇಡೀ ಚಿತ್ರವನ್ನು ತಾವು ನೋಡಿದ ಮೇಲೆಯೇ ಕಾರ್ಡು ಹೋಗಬೇಕು.

ಅವರ ಪರೀಕ್ಷೆ ಕಠಿಣವಾಗಿತ್ತು. ಲೋಕವೆಲ್ಲ ಮೆಚ್ಚಿದ ಒಂದು ಹಾಸ್ಯಚಿತ್ರದಲ್ಲಿ ಬಾಲನಟನೊಬ್ಬ ಕಬ್ಬಿಣದ ಟ್ರಂಕಿನೊಳಗೆ ಅಡಗಿ ಕುಳಿತು ಅಜ್ಜನನ್ನು ಪೇಚಿಗೆ ಸಿಕ್ಕಿಸುತ್ತಾನೆ. ಈರಬಸಪ್ಪನವರು ಅದನ್ನು ತಳ್ಳಿಹಾಕಿದರು. “ನಮ್ಮ ಎಲ್ಲಾರ ಮನ್ಯಾಗೂ ಟ್ರಂಕ್ ಅದಾವ್ರಿ,” ಎಂದರು, ಅಷ್ಟೇ. “ಈರಬಸಪ್ನೋರ, ನೀವು ನಕ್ಕಿದ್ದು ನೋಡಿದವ್ರು ಪುಣೇದಾಗ ಯಾರರ ಅದಾರೇನ್ರಿ?” ಎಂದು ಅಪ್ಪಾಸಾಹೇಬರು ಕೆಣಕಿದರೆ, “ಮೊದಲ ತಪಾಸಣಿ, ಆಮ್ಯಾಲ ನಗಿ,” ಎಂಬ ಉತ್ತರ ಬರುತ್ತಿತ್ತು.

ಆದರೂ ಒಮ್ಮೆ ತಪ್ಪಿದರು. ಎಪ್ಪತ್ತೇಳರಲ್ಲಿ ಒಪ್ಪಿದ ಚಿತ್ರವೊಂದರಲ್ಲಿ ಹಾಸ್ಯನಟ ಕೊಡೆ ಬಿಚ್ಚಿಕೊಂಡು ಮಾಳಿಗೆಯಿಂದ ಹಾರಿ, ಬಿದ್ದ ತಕ್ಷಣ ಚಂಡಿನಂತೆ ಪುಟಿದು ಓಡುತ್ತಾನೆ. ಮರುದಿನ ಮಂಡಳಿಯ ಖಜಾಂಚಿ ಮೋಹನದಾಸರ ಮಗ ಶ್ಯಾಮ ತಂದೆಯ ಕೊಡೆ ಹಿಡಿದು ತಾವಿದ್ದ ವಠಾರದ ಮೊದಲ ಮಹಡಿಯಿಂದ ಹಾರಿ ತೊಡೆಯೆಲುಬು ಮುರಿದುಕೊಂಡ. ಈರಬಸಪ್ಪನವರು ಮೂರು ವಾರ ದಿನವೂ ಆಸ್ಪತ್ರೆಗೆ ಹೋದರು. ಕೋಟಿನ ಜೇಬಿನಲ್ಲಿ ಗೇಜನ್ನು ತಿರುಗಿಸುತ್ತ ಮಂಚದ ಪಕ್ಕ ಕುಳಿತಿದ್ದು ಬರುತ್ತಿದ್ದರು. ಅವರ ಪ್ರಸಿದ್ಧ ಎಣಿಕೆ ಹುಟ್ಟಿದ್ದು ಆ ಮಂಚದ ಪಕ್ಕದಲ್ಲೇ. ಬಿದ್ದವನು ಮೂರು ಎಣಿಸುವ ಮೊದಲೇ ಎದ್ದರೆ ಬೀಳುವುದು ನೋಯುವುದಿಲ್ಲವೆಂದು ಮಕ್ಕಳು ತಾವೂ ಹಾರುತ್ತಾರೆ. ಏಳು ದಾಟಿದರೂ ಏಳದಿದ್ದರೆ ಸತ್ತನೆಂದು ಅಳುತ್ತಾರೆ. ಮೂರಕ್ಕೂ ಏಳಕ್ಕೂ ನಡುವೆ ಎದ್ದು, ಎದ್ದವನು ಸೊಂಟವನ್ನೊಮ್ಮೆ ಹಿಡಿದುಕೊಂಡರೆ ಆ ಬೀಳುವಿಕೆ ಮಕ್ಕಳಿಗೆ ತಕ್ಕುದು. ಗೇಜಿಗೆ ಎರಡು ತುದಿ ಇರುವಂತೆ ನಗುವಿಗೂ ಎರಡು ತುದಿ ಸಿಕ್ಕವು.

ಎಂಬತ್ತಮೂರರ ದೀಪಾವಳಿಗೆ ಬಂದ ಚಿತ್ರ ಈ ಅಳತೆಗೇ ಎರಕ ಹೊಯ್ದಂತಿತ್ತು. ಮೂವರು ಅಳಿಯಂದಿರು ಒಂದೇ ಹಬ್ಬಕ್ಕೆ ಮಾವನ ಮನೆಗೆ ಬರುತ್ತಾರೆ. ಹಿಟ್ಟಿನ ಡಬ್ಬ ಉರುಳುತ್ತದೆ, ಎಮ್ಮೆ ನಡುಮನೆಗೆ ನುಗ್ಗುತ್ತದೆ, ಹಿರಿಯಳಿಯ ಸುಣ್ಣ ಬಳಿಯಲು ಹೋಗಿ ಏಣಿಯಿಂದ ಬಿದ್ದು ತನ್ನ ಹೆಸರನ್ನೇ ಮರೆಯುತ್ತಾನೆ. ಅವನು ಎದ್ದದ್ದು ಸರಿಯಾಗಿ ಐದಕ್ಕೆ, ಸೊಂಟ ಹಿಡಿದುಕೊಂಡೇ. ಮಂಗಳವಾರ ಈರಬಸಪ್ಪನವರು ಡಬ್ಬಿಯ ಮೇಲೆ ಸೀಮೆಸುಣ್ಣದಲ್ಲಿ ಒಪ್ಪಿಗೆಯ ಗುರುತು ಹಾಕಿದರು. ಸಂಜೆಗೆ ಕಾರ್ಡುಗಳು ಹೋದವು.

ಚಿತ್ರಮಂದಿರದ ಮುಂದಿನ ಎರಡು ಸಾಲು ಕುರ್ಚಿಗಳನ್ನು ಮಂಡಳಿ ಪ್ರತಿಸಲವೂ ಕಟ್ಟಡ ಕೆಲಸದವರ ಮಕ್ಕಳಿಗೆ ಬಿಟ್ಟುಕೊಡುತ್ತಿತ್ತು. ಅವರ ಪಾಸುಗಳನ್ನು ಕೊಡಲು ಶುಕ್ರವಾರ ಸಂಜೆ ಈರಬಸಪ್ಪನವರು ಸೈಕಲ್ಲೇರಿ ಕೋಥರೂಡಿನ ಕಡೆ ಏಳುತ್ತಿದ್ದ ಕಟ್ಟಡವೊಂದಕ್ಕೆ ಹೋದರು. ತಗಡಿನ ಶೆಡ್ಡುಗಳ ಸಾಲಿನಲ್ಲಿ ರೊಟ್ಟಿ ಬಡಿಯುತ್ತಿದ್ದ ಸುರಪುರದ ಕಡೆಯ ತಿಪ್ಪವ್ವ ಹಿಟ್ಟಿನ ಕೈಯಲ್ಲೇ ಪಾಸು ತೆಗೆದುಕೊಂಡಳು.

“ನಗೂ ಸಿನಿಮಾ ಏನ್ರಿ ಯಪ್ಪಾ?”

“ಹೌದವ್ವ. ಭಾಳ ನಗೂದು ಅದ.”

“ಅದರಾಗ ಯಾರರ ಬೀಳ್ತಾರೇನ್ರಿ?”

ಲೋಕರೂಢಿ ಬಲ್ಲ ಬೇರೆ ಯಾರಾದರೂ ಇಲ್ಲವೆಂದುಬಿಡುತ್ತಿದ್ದರು. “ಬೀಳ್ತಾನ,” ಎಂದರು ಈರಬಸಪ್ಪನವರು. “ನಿಚ್ಚಣಿಕಿ ಮ್ಯಾಲಿಂದ.”

ತಿಪ್ಪವ್ವ ಪಾಸನ್ನು ಅವರ ಕೈಗೇ ಮರಳಿಸಿದಳು. “ಹಂಗಾರ ಬ್ಯಾಡ್ರಿ. ನಮ್ಮ ಹುಡುಗಿ ಅದನ್ನ ಒಮ್ಮಿ ನೋಡ್ಯಾಳ.”

ಶೆಡ್ಡಿನ ಗೋಡೆಗೊರಗಿ ಕುಳಿತಿದ್ದ ಅವಳ ಗಂಡ ಕಾಶಪ್ಪನ ಪಕ್ಕದಲ್ಲಿ ಊರುಗೋಲಿತ್ತು. ಹತ್ತು ವಾರದ ಹಿಂದೆ ಬಿದಿರಿನ ಅಟ್ಟಣಿಗೆಯಿಂದ ಬಿದ್ದು ಕಾಲು ಮುರಿದುಕೊಂಡವನು ಈಗಷ್ಟೇ ನಿಲ್ಲತೊಡಗಿದ್ದ. ಬಿದ್ದದ್ದನ್ನು ಕಣ್ಣಾರೆ ಕಂಡ ಆರು ವರ್ಷದ ಮಗಳು ಚಂದಮ್ಮ ಅಂದಿನಿಂದ ಅಪ್ಪನ ಅಂಗಿಯ ಚುಂಗು ಬಿಟ್ಟಿರಲಿಲ್ಲ. ಕೊಡ ಉರುಳಿದರೂ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಇದನ್ನೆಲ್ಲ ಕೇಳಿದ ಮೇಲೆ ಈರಬಸಪ್ಪನವರು ತಮ್ಮ ಎಣಿಕೆಯ ಲೆಕ್ಕವನ್ನು ವಿವರಿಸಲು ನೋಡಿದರು. ಕಾಶಪ್ಪ ನಕ್ಕ.

“ನಾ ಏಳಲಾಕ ಹತ್ತು ವಾರ ಹಿಡೀತ್ರಿ, ಸಾಹೇಬ್ರ. ನನ್ನ ಪಾಸ್ ಮಾಡ್ತಿದ್ರೇನು ನೀವು?”

ಅಂದು ಹಿಂದಿರುಗುವಾಗ ಲಕಡಿ ಪೂಲ್ ಸೇತುವೆಯ ಮೇಲೆ ಈರಬಸಪ್ಪನವರು ಸೈಕಲ್ಲಿನಿಂದಿಳಿದು ಬಹಳ ಹೊತ್ತು ನಿಂತರು. ಆರು ವರ್ಷ ಬೀಳುವವರನ್ನೇ ಅಳೆದಿದ್ದರು, ನೋಡುವವರನ್ನು ಅಳೆದಿರಲಿಲ್ಲ. ಏಳುತ್ತಾನೆಂಬ ಭರವಸೆಯಿರುವ ಮಗುವಿಗೆ ಐದು ಎಣಿಕೆಯೆಂದರೆ ಒಂದು ನಗೆ; ಆ ಭರವಸೆ ಕಳೆದುಕೊಂಡ ಮಗುವಿಗೆ ಅದು ಎಷ್ಟೆಂದು ಯಾವ ಗೇಜು ಹೇಳೀತು? ಸೇತುವೆ ಇಳಿದವರು ನೇರ ಕ್ಯಾಂಪಿಗೆ, ಅಪ್ಪಾಸಾಹೇಬರ ಅಂಗಡಿಗೆ ಹೋದರು.

“ಆ ಏಣಿ ದೃಶ್ಯ ತಗೀಬೇಕ್ರಿ.”

“ಬಿದ್ದ ಮ್ಯಾಲೇ ಅಲ್ಲೇನ್ರಿ ಅವಂಗ ನೆನಪು ಹೋಗೂದು?” ಅಪ್ಪಾಸಾಹೇಬರು ಬಟ್ಟೆಯ ಥಾನು ಸುತ್ತುವುದನ್ನು ನಿಲ್ಲಿಸಿದರು. “ಅದನ್ನ ತಗದ್ರ ಕಥೀನ ಇಲ್ಲ. ನೀವೇ ಪಾಸ್ ಮಾಡೀರಿ. ಮುನ್ನೂರು ಮಂದಿ ಬರಾಕಹತ್ಯಾರ. ಒಂದು ಹುಡುಗಿ ಸಲುವಾಗಿ ಹಿಂಗ್ಯಾಕ್ರಿ?”

“ನಮ್ಮಲ್ಲಿ ಒಂದು ತೂತು ತಪ್ಪಿದ್ರ ಇಡೀ ಪೆಟ್ಟಿಗಿ ವಾಪಸ್ ಹೋಗ್ತದ.”

“ಇದು ಕಾರ್ಖಾನಿ ಅಲ್ರಿ ಮಾರಾಯ್ರ.”

ಆ ಮಾತು ಅವರಿಗೆ ನಾಟಿತು. ಕಾರ್ಖಾನೆಯಲ್ಲಿ ತಪ್ಪಿದ ಮಾಲನ್ನು ಪಕ್ಕಕ್ಕಿಡಬಹುದು. ಮಗುವನ್ನು ಪಕ್ಕಕ್ಕಿಡುವುದು ಹೇಗೆ? ಶನಿವಾರ ಬೆಳಿಗ್ಗೆ ಅವರು ಪ್ರೊಜೆಕ್ಟರ್ ನಡೆಸುವ ದಿಗಂಬರನನ್ನು ಎಬ್ಬಿಸಿ ಕರೆತಂದು ಆ ರೀಲನ್ನು ಓಡಿಸಿದರು. ಐದು. ಇನ್ನೊಮ್ಮೆ. ಐದು. ಮತ್ತೊಮ್ಮೆ ಎಂದಾಗ ದಿಗಂಬರ, ಎಷ್ಟು ಸಲ ನೋಡಿದರೂ ಅವನು ಏಣಿ ಹಿಡಿದುಕೊಳ್ಳುವುದಿಲ್ಲ ಸಾಹೇಬ ಎಂದು ಮರಾಠಿಯಲ್ಲಿ ಗೊಣಗಿದ. ಮೂರನೆಯ ಸಲವೂ ಐದೇ. ಮಧ್ಯಾಹ್ನ ಅವರು ಮತ್ತೆ ಶೆಡ್ಡಿಗೆ ಹೋಗಿ, ಕೋಟಿನ ಅಂಚು ಧೂಳಿಗೆ ತಾಗುವಂತೆ ಚಂದಮ್ಮನ ಮುಂದೆ ಕುಕ್ಕರುಗಾಲಲ್ಲಿ ಕುಳಿತರು.

“ಬೀಳ್ತಾನ. ಅದು ಖರೆ. ಐದಕ್ಕ ಏಳ್ತಾನ. ಅದೂ ಖರೆ. ನಾ ನಾಕು ಸಲ ನೋಡೀನಿ.” ಅವಳ ಪುಟ್ಟ ಕೈ ಹಿಡಿದು ಗೆಣ್ಣು ಎಣಿಸುವುದನ್ನು ತೋರಿಸಿದರು.

ಹುಡುಗಿ ಅಪ್ಪನ ಅಂಗಿ ಬಿಡದೆ ಕೇಳಿದಳು, “ಆರಕ್ಕ ಎದ್ರ?”

“ಆರಕ್ಕಲ್ಲ. ಐದಕ್ಕ.”

“ಐದಕ್ಕ ಏಳಲಿಲ್ಲಂದ್ರ?”

ಈರಬಸಪ್ಪನವರು ಬಲಜೇಬಿನಿಂದ ಗೇಜನ್ನು ತೆಗೆದು ಅವಳ ಅಂಗೈಯಲ್ಲಿಟ್ಟರು. “ನಾ ಹೇಳಿದಂಗ ಆತಂದ್ರ ತಿರುಗಿ ಕೊಡು. ತಪ್ಪಿತಂದ್ರ ನೀನ ಇಟ್ಕೊ.”

ಭಾನುವಾರ ಮೂವರೂ ಬಂದರು. ಮುಂದಿನ ಸಾಲಿನಲ್ಲಿ ಅಪ್ಪ ಅವ್ವನ ನಡುವೆ ಕುಳಿತ ಚಂದಮ್ಮನ ಒಂದು ಕೈಯಲ್ಲಿ ಅಂಗಿಯ ಚುಂಗಿತ್ತು, ಇನ್ನೊಂದರಲ್ಲಿ ಗೇಜು. ಅದೇ ಸಾಲಿನ ತುದಿಯಲ್ಲಿ, ಬಲಮಗ್ಗುಲು ಜೋಲದ ಕೋಟಿನಲ್ಲಿ, ಈರಬಸಪ್ಪನವರು. ಹಿಟ್ಟಿನ ಡಬ್ಬ ಉರುಳಿತು, ಎಮ್ಮೆ ನುಗ್ಗಿತು, ಮಂದಿರ ಕುಣಿಯಿತು. ಹಿರಿಯಳಿಯ ಏಣಿಗೆ ಕಾಲಿಟ್ಟಾಗ ಹುಡುಗಿಯ ಎರಡೂ ಕೈ ಕಿವಿಯತ್ತ ಹೊರಟವು. “ಬೆರಳ ಎಣಸು,” ಎಂದರು ಈರಬಸಪ್ಪನವರು. ಕೈಗಳು ನಡುವೆಯೇ ನಿಂತವು. ಅಂಗಿಯ ಚುಂಗು ಬಿಟ್ಟಿದ್ದ ಕೈಯ ಹೆಬ್ಬೆರಳು ಗೆಣ್ಣಿಗೆ ಬಂತು. ಅಳಿಯ ಬಿದ್ದ.

“ಒಂದು,” ಎಂದಳು ಚಂದಮ್ಮ, ಕೇಳಿಸೀ ಕೇಳಿಸದಂತೆ. “ಎರಡು.” ಪಕ್ಕದ ಮಕ್ಕಳು ಇದೇನೋ ಆಟವೆಂದುಕೊಂಡು ದನಿಗೂಡಿಸಿದರು. “ಮೂರು.” ಈಗ ಎರಡೂ ಸಾಲು. “ನಾಕು.”

ಫಿಲ್ಮು ಪಟ್ಟೆಂದು ಹರಿಯಿತು.

ಅಳಿಯ ಮಾಯವಾದ. ಪರದೆ ಬೆಳ್ಳಗೆ ಬಯಲಾಯಿತು. ಹಿಂದಿನ ಸಾಲುಗಳು ಶಿಳ್ಳೆ ಹೊಡೆದವು. ಮುಂದಿನ ಸಾಲಿನಲ್ಲಿ ಒಂದು ಹೆಬ್ಬೆರಳು ನಾಲ್ಕನೆಯ ಗೆಣ್ಣಿನ ಮೇಲೆ ನಿಂತೇಬಿಟ್ಟಿತ್ತು. ಬಿದ್ದವನು ಬಿದ್ದೇ ಇದ್ದ, ಏಳುವ ಜಾಗವೇ ಇಲ್ಲವಾಗಿತ್ತು. ಗೇಜು ಹಿಡಿದ ಅವಳ ಇನ್ನೊಂದು ಕೈ ಮತ್ತೆ ಕಿವಿಯತ್ತ ಹೊರಟದ್ದನ್ನು ಈರಬಸಪ್ಪನವರು ಕಂಡರು. ದಿಗಂಬರ ಫಿಲ್ಮು ಅಂಟಿಸಲು ಐದು ನಿಮಿಷವಾದರೂ ಬೇಕು. ಐದು ನಿಮಿಷವೆಂದರೆ ಎಷ್ಟು ಎಣಿಕೆಯೆಂಬುದನ್ನು ಅವರಷ್ಟು ಚೆನ್ನಾಗಿ ಅಲ್ಲಿ ಯಾರೂ ಬಲ್ಲವರಿರಲಿಲ್ಲ.

ಅವರು ಎದ್ದರು. ನೆಲವನ್ನು ಪರೀಕ್ಷಿಸದೆ ನಾಲ್ಕೇ ಹೆಜ್ಜೆಗೆ ಪರದೆಯ ಮುಂದಿನ ಕಟ್ಟೆ ಹತ್ತಿದರು. ಐವತ್ತನಾಲ್ಕು ವರ್ಷದ, ಪುಣೆಯ ಕನ್ನಡಿಗರಲ್ಲೇ ಅತಿ ಗಂಭೀರನಾದ ಆ ಮನುಷ್ಯ ಬೆಳ್ಳನೆಯ ಪರದೆಯ ಕೆಳಗೆ ಒಮ್ಮೆ ಗಾಳಿಯಲ್ಲಿ ಕೈ ಬೀಸಿ, ಕಾಲು ಮೇಲಾಗಿ, ಖಾಕಿ ಕೋಟಿನ ಸಮೇತ ಧಡ್ ಎಂದು ಬಿದ್ದುಬಿಟ್ಟರು. ಜೇಬಿನ ಸೀಮೆಸುಣ್ಣ ಪುಡಿಯಾಗಿ ಒಂದು ಬಿಳಿಯ ಮೋಡ ಎದ್ದಿತು. ಅವರು ಅಲುಗದೆ ಬಿದ್ದಿದ್ದರು, ಕಣ್ಣು ಮಾತ್ರ ಮುಂದಿನ ಸಾಲಿನ ಮೇಲೆ.

“ಒಂದು,” ಎಂದು ಕಾಶಪ್ಪ ಶುರುಮಾಡಿದ. ಎರಡಕ್ಕೆ ಅವನ ಮಗಳ ದನಿ ಕೂಡಿತು. ಮೂರಕ್ಕೆ ಮುಂದಿನ ಸಾಲುಗಳು, ನಾಲ್ಕಕ್ಕೆ ಬಾಲ್ಕನಿ. “ಐದು” ಎಂಬುದನ್ನು ಮುನ್ನೂರು ಗಂಟಲುಗಳು ಕೂಗಿದವು, ಹೊರಗೆ ಟಾಂಗಾದ ಕುದುರೆ ಬೆದರಿತಂತೆ. ಈರಬಸಪ್ಪನವರು ಎದ್ದರು, ಎದ್ದು ಸೊಂಟ ಹಿಡಿದುಕೊಂಡರು. ಅದು ನಟನೆಯಾಗಿರಲಿಲ್ಲ. ನೋವಿನ ಆ ನಿಜಮುಖವನ್ನು ಕಂಡು ಚಂದಮ್ಮನ ಬಾಯಿಂದ ಹತ್ತು ವಾರದಿಂದ ಕಟ್ಟಿಕೊಂಡಿದ್ದ ನಗು ಬಿಕ್ಕಿನಂತೆ ಒಡೆದು ಬಂತು. ಅದು ಎಷ್ಟು ಜೋರಾಗಿತ್ತೆಂದರೆ ತಿಪ್ಪವ್ವ ಸೆರಗಿನಿಂದ ಮೊದಲು ಮಗಳ ಬಾಯಿ, ಆಮೇಲೆ ತನ್ನ ಕಣ್ಣು ಒರೆಸಿಕೊಳ್ಳಬೇಕಾಯಿತು.

ದಿಗಂಬರ ಹರಿದ ಒಂದು ಮೊಳ ಫಿಲ್ಮನ್ನು ಕತ್ತರಿಸಿ ಎಸೆದು, ಅಂಟಿಸಿ, ಏಣಿಯ ದೃಶ್ಯವನ್ನು ಮೊದಲಿಂದ ಬಿಟ್ಟ. ಅಳಿಯ ಇನ್ನೊಮ್ಮೆ ಬಿದ್ದ, ಮಂದಿರ ಇನ್ನೊಮ್ಮೆ ಎಣಿಸಿತು, ಅವನು ಎದ್ದು ಓಡಿದ.

ಆಟ ಮುಗಿದು ಜನ ಹೊರಬರುವಾಗ ಈರಬಸಪ್ಪನವರು ಬಾಗಿಲ ಬಳಿ ಕಂಬಕ್ಕೊರಗಿ ನಿಂತು ಕೈ ಚಾಚಿದರು. ಚಂದಮ್ಮ ಗೇಜನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಳು.

“ಎರಡನೇ ಸಲ ನಾಕಕ್ಕ ಎದ್ದ,” ಎಂದಳು. “ನೀವು ಐದಂದಿದ್ರಿ.”

ಕತ್ತರಿಸಿ ಹೋದ ಒಂದು ಮೊಳದಲ್ಲಿ ಒಂದು ಎಣಿಕೆ ಹೋಗಿತ್ತು. ಮುನ್ನೂರು ಜನರಲ್ಲಿ ಅದನ್ನು ಹಿಡಿದವರು ಇಬ್ಬರೇ. ತಿಪ್ಪವ್ವ ಮಗಳನ್ನು ಗದರಿಸಲು ಹೊರಟಳು. ಅಪ್ಪಾಸಾಹೇಬರು, “ಇಡೀ ಪೆಟ್ಟಿಗಿ ವಾಪಸ್ ಏನ್ರಿ?” ಎಂದರು. ಆಗ ಈರಬಸಪ್ಪನವರು ನಕ್ಕರು. ಸೊಂಟ ನೋಯುವಂತೆ, ಕಂಬ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಪುಣೆಯಲ್ಲಿ ಅದನ್ನು ನೋಡಿದವರು ಅಂದಿನಿಂದ ಮುನ್ನೂರು ಮಂದಿಯಾದರು. ಗೇಜು ಹುಡುಗಿಯ ಬಳಿಯೇ ಉಳಿಯಿತು, ಕೋಟು ಎರಡೂ ಮಗ್ಗುಲಿಗೆ ಸಮನಾಯಿತು.

ಎಲ್ಲರೂ ನಗುವಾಗ ತಾವು ಎಣಿಸುತ್ತ ಕೂರುವ ಇಂಥವರು ಎಲ್ಲ ಊರುಗಳಲ್ಲೂ ಒಬ್ಬಿಬ್ಬರಿರುತ್ತಾರೆ. ಅವರನ್ನು ರಸಹೀನರೆಂದು ಕರೆದು ನಾವು ನಮ್ಮ ನಗೆಯನ್ನು ಮುಂದುವರಿಸುತ್ತೇವೆ. ಬೀಳುವವನನ್ನು ನೋಡಿ ನಗಲು ಧೈರ್ಯ ಬರುವುದು, ಅವನು ಏಳುತ್ತಾನೆಂದು ಯಾರೋ ಮೊದಲೇ ನೋಡಿಟ್ಟಿದ್ದಾರೆಂಬ ನಂಬಿಕೆಯಿಂದ. ಆ ನಂಬಿಕೆ ನಡುವೆ ಹರಿದಾಗ ಎದ್ದುಹೋಗಿ ತಾವೇ ಬಿದ್ದು ತೋರಿಸುವವರು ಮಾತ್ರ, ಆ ಎಣಿಸುವವರಲ್ಲೂ ಅಪರೂಪ.