ಒಳಚಿಲಕ

"ಆ ಲೋಟ ಮುಟ್ಬೇಡ ಅಂತ ಎಷ್ಟ್ ಸಲ ಬಡ್ಕೋಬೇಕೇ ನಿಂಗೆ? ದರಿದ್ರ ಮುಂಡೇದೆ, ನಿನ್ ಕಪ್ ಸಿಂಕ್ ಕೆಳಗಿಲ್ವಾ?"

ಕಾಮಾಕ್ಷಿ ಲೋಟವನ್ನು ಗುರುದೇವಿಯ ಕೈಯಿಂದ ಕಿತ್ತುಕೊಳ್ಳಲಿಲ್ಲ. ಕಿತ್ತುಕೊಂಡರೆ ಕೈಗೆ ಕೈ ತಾಗುತ್ತದಲ್ಲ. ಕಸದ ಡಬ್ಬಿಯ ಮುಚ್ಚಳವನ್ನು ಕಾಲಿನಿಂದ ಒತ್ತಿ ಹಿಡಿದಳು. ಗುರುದೇವಿ ತಾನೇ ಅದರೊಳಗೆ ಲೋಟ ಹಾಕಿದಳು. ಮೈಸೂರಿನಿಂದ ಬಂದ ಗಟ್ಟಿ ಸ್ಟೀಲಿನ ಲೋಟ, ಹೊಚ್ಚ ಹೊಸದು. ಗುರುದೇವಿಗೆಂದು ಇಟ್ಟ ಕಪ್ ಸಿಂಕಿನ ಕೆಳಗೆ ಬ್ಲೀಚ್ ಬಾಟಲಿಯ ಪಕ್ಕದಲ್ಲಿತ್ತು. ಅವಳ ಹಾಸಿಗೆ ವಾಷಿಂಗ್ ಮಷೀನಿನ ಪಕ್ಕದಲ್ಲಿತ್ತು. ಅದೇ ಕೈ ತಟ್ಟಿದ ಜೋಳದ ರೊಟ್ಟಿಗೆ ಮಾತ್ರ ಆ ಮನೆಯಲ್ಲಿ ಯಾವ ಮೈಲಿಗೆಯೂ ಇರಲಿಲ್ಲ. ಅಂಥ ತೆಳು ರೊಟ್ಟಿ ಲಂಡನ್ನಿನ ಈ ಸಟನ್ನಿನಲ್ಲಿ ಬೇರೆಲ್ಲಿ ಸಿಗಬೇಕು?

ಗುರುದೇವಿಯನ್ನು ಮನೆಗೆಲಸಕ್ಕೆ ಆರು ತಿಂಗಳಿಗೆಂದು ಊರಿನಿಂದ ಕರೆತಂದಿದ್ದರು. ಎರಡು ವರ್ಷ ದಾಟಿತ್ತು. ಪಾಸ್‌ಪೋರ್ಟ್ ಕಾಮಾಕ್ಷಿಯ ಡಾಕ್ಟರ್ ಗಂಡನ ಕೋಣೆಯ ಕಪಾಟಿನಲ್ಲಿತ್ತು, ಕಪಾಟಿನ ಕೀಲಿ ಡಾಕ್ಟರ ಜೇಬಿನಲ್ಲಿತ್ತು. ಊರಿನಲ್ಲಿ ಮಗಳು ನಿಖಿತಾ ಚೊಚ್ಚಲ ಬಸುರಿ. ಏಳನೇ ತಿಂಗಳಲ್ಲಿ ಮಗಳಿಗೆ ಉಡಿ ತುಂಬಲು ತಾಯಿ ಇರಲಿಲ್ಲ. ಈಗ ಬಾಣಂತನಕ್ಕೂ ಇಲ್ಲವೆಂದರೆ ಆ ಹುಡುಗಿಗೆ ತವರು ಅಂತ ಯಾವುದನ್ನು ಹೇಳುವುದು? ಇದೊಂದೇ ಯೋಚನೆ ಗುರುದೇವಿಯನ್ನು ತಿನ್ನುತ್ತಿತ್ತು.

ಆ ಬೆಳಿಗ್ಗೆ ಡಾಕ್ಟರ್ ಶಿವಪ್ರಕಾಶ ಬೂಟು ಹಾಕಿಕೊಳ್ಳುವಾಗ ಧೈರ್ಯ ಮಾಡಿ ಕೇಳಿದಳು.

"ಸಾಹೇಬ್ರ, ನನ್ನ ಪಾಸ್‌ಪೋರ್ಟ್ ಕೊಡ್ರಿ. ಮಗಳಿಗೆ ಒಂಬತ್ತರಾಗ ಬಿದ್ದೈತಿ."

ಶಿವಪ್ರಕಾಶ ಧಾರವಾಡದವನು, ಮೆತ್ತಗೆ ಮಾತಾಡುವ ಮನುಷ್ಯ. ದನಿ ಏರಿಸಿದ್ದು ಯಾರೂ ಕೇಳಿಲ್ಲ.

"ನಿನ್ನ ವೀಸಾ ಮುಗದು ಯಾವ ಕಾಲ ಆತು. ಏರ್‌ಪೋರ್ಟಿಗೆ ಹೋದ್ರ ಅಲ್ಲೇ ಹಿಡದು ಒಳಗ ಹಾಕ್ತಾರ. ನಾವು ಇಟ್ಕೊಂಡೇವಂತ ನೀ ಹೊರಗಿದ್ದಿ. ನಿಮ್ಮೂರಾಗ ಸರಕಾರಿ ದವಾಖಾನಿ ಅದ ಅಲ್ಲಾ, ಅಲ್ಲೇ ಹಡೀತಾಳ ಬಿಡು."

ಹೀಗೆ ಹೇಳಿ ಆಸ್ಪತ್ರೆಗೆ ಹೊರಟ. ಆತ ಹೆರಿಗೆ ಡಾಕ್ಟರು. ಕಂಡವರ ಹೆಣ್ಣುಮಕ್ಕಳ ಹೆರಿಗೆ ಮಾಡಿಸಲು ಹೋದವನ ಬೆನ್ನು ನೋಡುತ್ತ ಗುರುದೇವಿ, 'ನಿನ್ನ ಬಾಯಾಗ ಮಣ್ಣ ಬೀಳ್ಲಿ, ಹಾಟ್ಯಾ' ಎಂದು ಮನಸ್ಸಿನಲ್ಲೇ ಬೈದಳು. ಲೋಟದ ರಾದ್ಧಾಂತ ಆದದ್ದು ಇದಾದ ಮೇಲೆ. ಗಂಟಲು ಒಣಗಿತ್ತು, ಕೈಗೆ ಸಿಕ್ಕಿದ ಲೋಟದಲ್ಲಿ ನೀರು ಕುಡಿದುಬಿಟ್ಟಿದ್ದಳು.

ಕಾಮಾಕ್ಷಿ ಮಗನನ್ನು ಟ್ಯೂಷನ್ನಿಗೆ ಬಿಡಲು ಕಾರು ತೆಗೆದಾಗ ಇನ್ನೂ ಒಂಬತ್ತಾಗಿರಲಿಲ್ಲ. ಮುಂಬಾಗಿಲಿಗೆ ಅವರು ಬೀಗ ಹಾಕುತ್ತಿರಲಿಲ್ಲ. ಪೊಲೀಸರ ಹೆದರಿಕೆ ಹಾಕಿದ್ದೇ ಸಾಕಾಗಿತ್ತು. ಗುರುದೇವಿ ಹಾಸಿಗೆಯ ಕೆಳಗಿನಿಂದ ಎರಡು ವಸ್ತು ತೆಗೆದುಕೊಂಡಳು. ಒಂದು, ಹಳೆಯ ಇಟ್ಟಿಗೆ ಮನೆಯೊಂದರ ಚಿತ್ರವಿದ್ದ ಕಾಗದ. ಇನ್ನೊಂದು, ಹಸಿರು ಖಣದ ಗಂಟು.

ಎರಡೂ ಕೈಗೆ ಬಂದದ್ದು ನವರಾತ್ರಿಯಲ್ಲಿ. ಕನ್ನಡ ಕೂಟದವರು ಈಸ್ಟ್ ಹ್ಯಾಮಿನ ಹತ್ತಿರ ಆ ಚಿತ್ರದ ಹಳೆಯ ಪ್ರಾರ್ಥನಾ ಮನೆಯನ್ನು ಹಬ್ಬಕ್ಕೆ ಬಾಡಿಗೆ ಹಿಡಿದಿದ್ದರು. ಕೂಟದ ಅಧ್ಯಕ್ಷ ಶಿವಪ್ರಕಾಶ. ಹಾಗಾಗಿ ಇನ್ನೂರು ಜನರ ರೊಟ್ಟಿ, ಎಣ್ಣೆಗಾಯಿ ಗುರುದೇವಿಯ ರಟ್ಟೆಯ ಮೇಲೆ ಬಿದ್ದಿತ್ತು. ಪಾತ್ರೆಗಳ ಪಕ್ಕದಲ್ಲಿ ನಿಂತೇ ಅವಳು ವೇದಾಬಾಯಿಯ ಮಾತು ಕೇಳಿದಳು. ವೇದಾಬಾಯಿ ಧಾರವಾಡದ ಹೆಣ್ಣುಮಗಳು, ಕೂಟದ ಕಾರ್ಯದರ್ಶಿ. ಆ ಮನೆ ನೋಡಲು ಬಂದವರಿಗೆ ಅದರ ಕಥೆ ಹೇಳುವ ಕೆಲಸವೂ ಅವಳದೇ. ಇನ್ನೂರೈವತ್ತು ವರ್ಷದ ಹಿಂದೆ ಇದೇ ಲಂಡನ್ನಿನಲ್ಲಿ ಧಣಿಗಳು ಕಪ್ಪು ಜನರನ್ನು ಮನೆಯಾಳಾಗಿ ಇಟ್ಟುಕೊಂಡಿದ್ದರಂತೆ. ಓಡಿಹೋದರೆ ಹಿಡಿದುಕೊಡಿ ಎಂದು ಪೇಪರಿನಲ್ಲಿ ಹಾಕಿಸುತ್ತಿದ್ದರಂತೆ. ಓಡಿ ಬಂದವರು ಈ ಮನೆಯ ಹಿಂಬಾಗಿಲು ಮೂರು ಸಲ ತಟ್ಟಿದರೆ ಸಾಕು, ಹೆಸರು ಕೇಳದೆ ಒಳಗೆ ಕರೆದುಕೊಳ್ಳುತ್ತಿದ್ದರಂತೆ. ಹಾಗೆ ಕರೆದುಕೊಂಡವರು ದೊಡ್ಡವರೇನಲ್ಲ, ಬಟ್ಟೆ ಒಗೆಯುವವರು, ಹಡಗಿನ ಮೂಟೆ ಹೊರುವವರು. ಮೆಟ್ಟಿಲ ಕೆಳಗಿನ ಗೂಡಿನಂಥ ಕೋಣೆಯನ್ನು ತೋರಿಸಿ ವೇದಾಬಾಯಿ ದನಿ ತಗ್ಗಿಸಿ ಹೇಳಿದ್ದಳು: "ನೋಡ್ರಿ, ಇದಕ್ಕ ಚಿಲಕ ಒಳಗಷ್ಟಽ ಅದ. ಬಾಗಲಾ ಯಾವಾಗ ತಗೀಬೇಕು ಅನ್ನೂದು ಅಡಗಿದವರ ಕೈಯಾಗ ಇರಬೇಕು ಅಂತ."

ಎಲ್ಲರೂ ಚಪ್ಪಾಳೆ ತಟ್ಟಿದರು. ಕಾಮಾಕ್ಷಿ ಕಣ್ಣೊರೆಸಿಕೊಂಡಳು.

ಆಮೇಲೆ ಮುತ್ತೈದೆಯರಿಗೆ ಉಡಿ ತುಂಬುವಾಗ ವೇದಾಬಾಯಿ ಗುರುದೇವಿಯನ್ನೂ ಕರೆದಳು. ಸೆರಗೊಡ್ಡಿದಳು ಗುರುದೇವಿ. ಐದು ಹಿಡಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಬೇರು, ಖಣ. "ತವರಮನಿ ಅಂತ ತಿಳಿಯವ್ವಾ ಇದನ್ನ," ಎಂದಳು ವೇದಾಬಾಯಿ. ಯಾರೋ ಫೋಟೋ ತೆಗೆದರು. ಫೋಟೋಗಾಗಿ ಹೇಳುವ ಮಾತು ಬೇರೆ, ಉಡಿ ತುಂಬುವಾಗ ಹೇಳುವ ಮಾತು ಬೇರೆ ಎಂದೇ ಗುರುದೇವಿ ತಿಳಿದಿದ್ದಳು. ಅವಳ ಊರಲ್ಲಿ ಉಡಿ ತುಂಬಿದ ಮನೆ ಮಗಳನ್ನು ಕೈಬಿಡುವುದಿಲ್ಲ. ಆ ಅಕ್ಕಿಯನ್ನು ಬೇಯಿಸದೆ ಹಾಗೇ ಕಟ್ಟಿಟ್ಟಳು, ಮಗಳ ಮಡಿಲಿಗೆ ಹಾಕಬೇಕೆಂದು.

ರೊಟ್ಟಿ ಉಂಡ ಮುದುಕಿಯೊಬ್ಬಳು ಅಂದು ಕೈಯಲ್ಲಿ ತುರುಕಿದ್ದ ನೋಟು ಈಗ ರೈಲಿಗಾಯಿತು. ಟಿಕೆಟ್ ಕೌಂಟರಿನವನು ಕಾಗದದ ವಿಳಾಸ ಓದಿ ದಾರಿ ಬರೆದುಕೊಟ್ಟ. ಎರಡು ಕಡೆ ತಪ್ಪಿ, ನಾಲ್ಕು ಜನರಿಗೆ ಚಿತ್ರ ತೋರಿಸಿ, ಹನ್ನೊಂದರ ಹೊತ್ತಿಗೆ ಆ ಮನೆಯ ಹಿಂಬಾಗಿಲಿಗೆ ಬಂದು ನಿಂತಳು. ಮೂರು ಸಲ ತಟ್ಟಿದಳು.

ತೆಗೆದವಳು ವೇದಾಬಾಯಿಯೇ. ಗುರುದೇವಿಗೆ ಅಳು ಒತ್ತರಿಸಿ ಬಂತು. ನಿಂತಲ್ಲೇ ಎಲ್ಲ ಹೇಳಿಬಿಟ್ಟಳು, ಸಿಂಕಿನ ಕೆಳಗಿನ ಕಪ್, ಕಪಾಟು, ಮಗಳು, ಎಲ್ಲ. ವೇದಾಬಾಯಿ ಕೇಳಿದಳು, ಚಹಾ ಕೊಟ್ಟಳು, ತಲೆ ಸವರಿದಳು. ಹನ್ನೆರಡೂವರೆಗೆ ನೋಡುವ ಜನ ಬರುತ್ತಾರೆ, ಅಲ್ಲಿಯವರೆಗೆ ಒಳಗೆ ಕೂತಿರು ಎಂದು ಮೆಟ್ಟಿಲ ಕೆಳಗಿನ ಕೋಣೆಯನ್ನೇ ತೆರೆದುಕೊಟ್ಟಳು. ಹೋಗುವಾಗ ಬಾಗಿಲು ಎಳೆದುಕೊಂಡಳು.

ಗುರುದೇವಿ ಗೋಡೆಗೊರಗಿ ಕೂತಳು. ಎರಡು ವರ್ಷದಲ್ಲಿ ಮೊದಲ ಸಲ ಯಾರೂ ಕೆಲಸಕ್ಕೆ ಕೂಗದ ಜಾಗದಲ್ಲಿ ಕೂತಿದ್ದಳು. ಕಣ್ಣು ಹತ್ತುವುದರಲ್ಲಿತ್ತು, ಆಚೆಯಿಂದ ವೇದಾಬಾಯಿಯ ದನಿ ಕೇಳಿತು. ಫೋನಿನಲ್ಲಿ ಮಾತಾಡುತ್ತಿದ್ದಳು.

"ಕಾಮಾಕ್ಷಿ, ಗಾಬರಿ ಆಗಬ್ಯಾಡ್ರಿ, ನಿಮ್ಮಾಕಿ ಇಲ್ಲೇ ಇದ್ದಾಳ. ಕೂಡಿಸೇನಿ... ಇಲ್ಲ ಇಲ್ಲ, ಯಾರಿಗೂ ಹೇಳಿಲ್ಲ. ಪೊಲೀಸು, ಕೌನ್ಸಿಲು ಅಂತ ಹೋದ್ರ ಕೆಡೂದು ನಮ್ಮ ಮಂದೀ ಹೆಸರಽ. ಡಾಕ್ಟರನ್ನ ಕರಕೊಂಡು ಸೀದಾ ಬರ್ರಿ. ಹಿಂದಿನ ಬಾಗಲಾ ತಗದಽ ಇಟ್ಟಿರತೇನಿ."

ಗುರುದೇವಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಸೆರಗಿನಿಂದ ತಲೆಯನ್ನು ಗಸಗಸ ಒರೆಸಿಕೊಂಡಳು. ಕಾಮಾಕ್ಷಿ ಬೈದಾಗ, ಡಾಕ್ಟರ್ ಇಲ್ಲವೆಂದಾಗ ಇಷ್ಟು ನೊಂದಿರಲಿಲ್ಲ. ಅವರು ಒಂದು ದಿನವೂ ತವರು ಎಂದಿರಲಿಲ್ಲ. ತಲೆ ಸವರಿದ ಆ ಕೈಯ ನೆನಪಿಗೆ ಮೈಯೆಲ್ಲ ಉರಿಯಿತು. ಎದ್ದು ಚಿಲಕ ಹಾಕಿದಳು. ಹಳೇ ಕಬ್ಬಿಣದ ಚಿಲಕ, ಕೂತ ಸದ್ದು ಕೋಣೆಗೆಲ್ಲ ಕೇಳಿತು.

ಕಾರು ಬರುವಷ್ಟರಲ್ಲಿ ನೋಡುವ ಜನರೂ ಬರುವ ಹೊತ್ತಾಗಿತ್ತು. ಬಾಗಿಲ ಕೆಳಗೆ ಎರಡು ಬೆರಳಿನಷ್ಟು ಸಂದು. ಗುರುದೇವಿ ನೆಲಕ್ಕೆ ಕೆನ್ನೆ ಹಚ್ಚಿ ಮಲಗಿದಳು. ವೇದಾಬಾಯಿಯ ಕಂದು ಬೂಟು, ಡಾಕ್ಟರ ಕರಿ ಬೂಟು, ಕಾಮಾಕ್ಷಿಯ ಬಿಳಿ ಶೂ ಕಂಡವು. ಆ ಬಿಳಿ ಶೂಗಳನ್ನು ನಿನ್ನೆ ತಾನೇ ತೊಳೆದಿಟ್ಟಿದ್ದಳು.

ವೇದಾಬಾಯಿ ಮೆಲ್ಲಗೆ ಕರೆದಳು, ಮಗಳೇ ಅಂದಳು, ಮಂದಿ ಬರೂ ಹೊತ್ತಾತು ಅಂದಳು. ಕಾಮಾಕ್ಷಿ ಇಷ್ಟು ದಿನ ಅನ್ನ ಹಾಕಿದ್ದನ್ನು ಎತ್ತಿ ಆಡಿದಳು. ಕೊನೆಗೆ ಡಾಕ್ಟರು ಬಾಗಿಲಿಗೆ ಬಾಯಿ ಹಚ್ಚಿ, ಅದೇ ಮೆತ್ತನೆ ದನಿಯಲ್ಲಿ ಹೇಳಿದ: "ಬೋಸಡಿ, ತಗೀತಿಯೋ ಇಲ್ಲೋ? ನಿನ್ನ ಪಾಸ್‌ಪೋರ್ಟ್ ಸುಟ್ಟು ಹಾಕ್ತೇನಿ. ಆಮ್ಯಾಲ ಮಗಳ ಹೆಣಾ ನೋಡ್ಲಿಕ್ಕೂ ಹೋಗಂಗಿಲ್ಲ ನೀ."

ಅಷ್ಟರಲ್ಲಿ ಹಜಾರದಲ್ಲಿ ಹೆಜ್ಜೆಗಳು ಕೇಳಿದವು. ಸಂದಿನಲ್ಲಿ ಗುರುತಿಲ್ಲದ ಬೂಟುಗಳು ತುಂಬಿಕೊಂಡವು. ವೇದಾಬಾಯಿ ನಗುತ್ತ ಇಂಗ್ಲಿಷಿಗೆ ತಿರುಗಿದಳು. ಗುರುದೇವಿಗೆ ಶಬ್ದ ತಿಳಿಯದಿದ್ದರೂ ದನಿಯ ಏರಿಳಿತ ನೆನಪಿತ್ತು: ಇಲ್ಲಿ ಧಣಿಗಳು, ಇಲ್ಲಿ ಹಿಂಬಾಗಿಲು, ಇಲ್ಲಿ ಒಳಗಿನ ಚಿಲಕ. ಯಾರೋ ಕೋಣೆ ನೋಡಬೇಕೆಂದು ಕೇಳಿದರು. ವೇದಾಬಾಯಿಯ ಮಾತು ತಡವರಿಸಿತು.

ಗುರುದೇವಿ ಖಣದ ಗಂಟು ಬಿಚ್ಚಿದಳು. ಇದು ನಿಖಿತಾಳ ಮಡಿಲಿನದು. ಒಂದು ಹಿಡಿಯನ್ನು ಸಂದಿನಿಂದ ಆಚೆ ತಳ್ಳಿದಳು. ಎರಡನೆಯದು. ಮೂರನೆಯದು. ಅಕ್ಕಿ ತುಳಿಯಬಾರದೆಂದು ಕಂದು ಬೂಟು ಹಿಂದೆ ಸರಿಯಿತು, ಬಿಳಿ ಶೂ ಹಿಂದೆ ಸರಿಯಿತು, ಕರಿ ಬೂಟೂ ಸರಿಯಿತು. ಏನೂ ತಿಳಿಯದ ಉಳಿದವರು ಅದರ ಮೇಲೇ ನಿಂತು ಫೋಟೋ ತೆಗೆದರು. ಇದೂ ಆ ಮನೆಯ ಕಥೆಯ ಭಾಗವೆಂದು ತಿಳಿದು ಯಾರೋ ಚಪ್ಪಾಳೆ ತಟ್ಟಿದರು. ಐದು ಹಿಡಿ ಮುಗಿಯಿತು. ಅರಿಷಿಣ ಬೇರು ಹೊರಳಿ ಆಚೆ ಹೋಯಿತು. ಕೊಬ್ಬರಿ ಬಟ್ಟಲು ಸಂದಿನಲ್ಲಿ ತೂರಲಿಲ್ಲ.

"ಬಾಯಾರ, ನಿಮ್ಮ ಉಡಿ ನಿಮಗ ಮುಟ್ಟಿತು," ಎಂದಳು ಗುರುದೇವಿ.

ಆಮೇಲೆ, ಆ ಜನಕ್ಕೂ ತಿಳಿಯುವುದೆಂದು ತನಗೆ ಗೊತ್ತಿದ್ದ ಒಂದೇ ಶಬ್ದವನ್ನು ಗಂಟಲು ಹರಿಯುವ ಹಾಗೆ ಕೂಗಿದಳು.

"ಪಾಸ್‌ಪೋರ್ಟ್. ನನ್ನ ಪಾಸ್‌ಪೋರ್ಟ್. ಡಾಕ್ಟರ್ ಶಿವಪ್ರಕಾಶ. ಪಾಸ್‌ಪೋರ್ಟ್."

ಚಪ್ಪಾಳೆ ನಿಂತಿತು. ಡಾಕ್ಟರು ನಗುತ್ತ ಇಂಗ್ಲಿಷಿನಲ್ಲಿ ಏನೋ ಹೇಳತೊಡಗಿದ. ತಲೆ ಸರಿಯಿಲ್ಲದವಳು ಎಂದಿರಬೇಕು. ಸವೆದ ಬೂಟಿನ ಹೆಂಗಸೊಬ್ಬಳು ನೆಲಕ್ಕೆ ಮೊಣಕಾಲೂರಿದ್ದು ಸಂದಿನಲ್ಲಿ ಕಂಡಿತು. ಕಪ್ಪು, ಮುದಿ ಕೈಯೊಂದು ಅಕ್ಕಿಯನ್ನು ಪಕ್ಕಕ್ಕೆ ಸರಿಸಿತು. ನಂತರ ಬಾಗಿಲ ಮೇಲೆ ಮೆಲ್ಲಗೆ ಮೂರು ಸಲ ತಟ್ಟಿದ ಸದ್ದು.

ಗುರುದೇವಿ ಎದ್ದು ಚಿಲಕದ ಮೇಲೆ ಕೈ ಇಟ್ಟಳು. ಬೆಳಿಗ್ಗೆ ತಾನೂ ಹೀಗೇ ಮೂರು ಸಲ ತಟ್ಟಿದ್ದಳು, ಬಾಗಿಲು ತೆಗೆದವಳೇ ಹಿಡಿದುಕೊಟ್ಟಿದ್ದಳು.

ಆಚೆ ಮತ್ತೆ ಮೂರು ಸಲ ತಟ್ಟಿದರು. ಅವಳು ಕೈಯನ್ನು ಅಲ್ಲಿಂದ ತೆಗೆಯಲಿಲ್ಲ, ಚಿಲಕವನ್ನೂ ತೆಗೆಯಲಿಲ್ಲ.